ಫರ್ನೇಸ್ ಕೆಟ್ಟಾಗ ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ಎಷ್ಟು ಕೊಡಬೇಕು

ಚಳಿಗಾಲ ಬಂತೆಂದರೆ ಅಮೆರಿಕ, ಕೆನಡಾಗಳಲ್ಲಿ ಮನೆ ಕೊಂಡ ಕನ್ನಡಿಗರು ಮನೆಯನ್ನು ಬೆಚ್ಚಗಿಡುವ ಯಂತ್ರವಾದ ಫರ್ನೇಸಿನ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ. ಟೆಕ್ನಿಷಿಯನ್ ಬಂದ, ಫಿಲ್ಟರ್ ಬದಲಿಸಿದ, ಇನ್ನೂರು ಡಾಲರ್ ತೆಗೆದುಕೊಂಡು ಹೋದ, ಇದು ಸರಿಯೇ? ಇನ್ನೊಂದು, "ಇದರ ಕಥೆ ಮುಗಿಯಿತು, ಹೊಸದೇ ಹಾಕಿಸಿ" ಎಂದು ಎಂಟು ಸಾವಿರದ ಕೊಟೇಶನ್ ಕೊಟ್ಟಿದ್ದಾನೆ, ಮನೆಯಲ್ಲಿ ಚಿಕ್ಕ ಮಗುವಿದೆ, ಸಹಿ ಹಾಕಿಬಿಡೋಣವೇ? ಎರಡರ ಹಿಂದೆಯೂ ಇರುವುದು ಒಂದೇ ತಪ್ಪು. ಫರ್ನೇಸ್ ಯಾವ ಹಂತದವರೆಗೆ ಬಂದು ನಿಲ್ಲುತ್ತಿದೆ ಎಂದು ಯಾರೂ ಎದುರು ಕೂತು ನೋಡಿರುವುದಿಲ್ಲ. ಅದು ತಿಳಿದರೆ ಕೆಟ್ಟಿರುವುದು ಏನು ಎಂಬುದರ ಜೊತೆಗೆ ಖರ್ಚೆಷ್ಟು ಎಂಬ ಅಂದಾಜೂ ಕೈಗೆ ಸಿಗುತ್ತದೆ.

ಇಲ್ಲಿ ಹೇಳಿರುವುದು ಗ್ಯಾಸಿನಿಂದ ಉರಿದು ಡಕ್ಟುಗಳ ಮೂಲಕ ಬಿಸಿಗಾಳಿ ಕಳಿಸುವ ಫರ್ನೇಸಿಗೆ ಮಾತ್ರ. ಬಾಯ್ಲರ್, ಹೀಟ್ ಪಂಪುಗಳ ಲೆಕ್ಕವೇ ಬೇರೆ. ಬೆಲೆಗಳು ಅಮೆರಿಕದ ಡಾಲರಿನಲ್ಲಿ, ಬಿಡಿಭಾಗ ಮತ್ತು ಕೂಲಿ ಎರಡೂ ಸೇರಿ. ನ್ಯೂಜೆರ್ಸಿ, ಬೇ ಏರಿಯಾದಂಥ ಕಡೆ ಮೇಲಿನ ಅಂಕಿ, ಸಣ್ಣ ಊರುಗಳಲ್ಲಿ ಕೆಳಗಿನದು ಎಂದುಕೊಳ್ಳಿ.

## 1. ಮೊದಲು ಅಪಾಯವಿದೆಯೇ ನೋಡಿ

ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಗ್ಯಾಸ್ ಸೋರಿಕೆಯ ಗುರುತು. ಲೈಟ್ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ, ಒಳಗಿನಿಂದ ಫೋನ್ ಮಾಡಬೇಡಿ. ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ ಗ್ಯಾಸ್ ಕಂಪನಿಯ ತುರ್ತು ಸಂಖ್ಯೆಗೋ 911ಕ್ಕೋ ಕರೆ ಮಾಡಿ.

ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಅಲಾರಂ ಕೂಗಿದರೆ, ಅಥವಾ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ಹೊಟ್ಟೆ ತೊಳಸು, ತಲೆಸುತ್ತು ಬಂದು ಹೊರಗೆ ಹೋದೊಡನೆ ಕಡಿಮೆಯಾದರೆ, ರಿಪೇರಿಯ ಯೋಚನೆ ಬಿಟ್ಟು ಹೊರಗೆ ಬನ್ನಿ. ಈ ಅಲಾರಮ್ಮಿಗೂ ಆಯಸ್ಸಿದೆ. ಹಿಂಬದಿಯಲ್ಲಿರುವ ತಾರೀಖು ನೋಡಿ, ಅವಧಿ ಮುಗಿದಿದ್ದರೆ ಇವತ್ತೇ ಬದಲಿಸಿ.

ಇವೆರಡೂ ಇಲ್ಲವೆಂದರೆ ಮಾತ್ರ ಮುಂದಕ್ಕೆ.

## 2. ಕೈಯಲ್ಲಿ ಇರಬೇಕಾದ ಸಾಮಾನು

ಕಾಲಿಂಚಿನ ನಟ್ ಡ್ರೈವರ್ (ಫರ್ನೇಸಿನ ಬಹುತೇಕ ಸ್ಕ್ರೂಗಳು ಇದಕ್ಕೇ ಬಿಚ್ಚುತ್ತವೆ), ಟಾರ್ಚು, ಫೋನು, ಎರಡು ಎಎ ಬ್ಯಾಟರಿ, ನಿಮ್ಮ ಅಳತೆಯ ಹೊಸ ಫಿಲ್ಟರ್, ಅತಿ ನಯವಾದ ಸ್ಟೀಲ್ ವುಲ್ ಅಥವಾ ಸ್ಕಾಚ್‌ಬ್ರೈಟ್ ತುಂಡು. ವಾಹನಗಳಲ್ಲಿ ಹಾಕುವ 3 ಆಂಪಿಯರಿನ ನೇರಳೆ ಮತ್ತು 5 ಆಂಪಿಯರಿನ ತಿಳಿಕಂದು ಬ್ಲೇಡ್ ಫ್ಯೂಸುಗಳನ್ನೂ ಒಂದೆರಡು ಇಟ್ಟುಕೊಳ್ಳಿ. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಗ್ಯಾಸ್ ಕೊಳವೆಯ, ಗ್ಯಾಸ್ ವಾಲ್ವಿನ ಒಂದು ನಟ್ಟನ್ನೂ ನೀವು ಮುಟ್ಟಬಾರದು. ಅದು ಲೈಸೆನ್ಸ್ ಇದ್ದವರ ಕೆಲಸ.

## 3. ಖರ್ಚಿಲ್ಲದ ತಪಾಸಣೆ, ಇದೇ ಕ್ರಮದಲ್ಲಿ

ಮಿನುಗುವ ದೀಪವೇ ಮೊದಲು. ಫರ್ನೇಸಿನ ಕೆಳಗಿನ ಬಾಗಿಲಲ್ಲಿ ರೂಪಾಯಿ ನಾಣ್ಯದಷ್ಟು ಗಾಜಿನ ಕಿಂಡಿ ಇರುತ್ತದೆ. ಅದರೊಳಗೆ ಬೋರ್ಡಿನ (ಫರ್ನೇಸನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆ) ಪುಟ್ಟ ದೀಪ ಮಿನುಗುವುದನ್ನು ಅರ್ಧ ನಿಮಿಷ ವಿಡಿಯೋ ಮಾಡಿಕೊಳ್ಳಿ. ಎಲ್ಲರೂ ತಪ್ಪುವುದು ಇಲ್ಲೇ. ಗಾಬರಿಯಲ್ಲಿ ಮೊದಲು ಸ್ವಿಚ್ ಆಫ್ ಮಾಡುತ್ತಾರೆ, ಅಥವಾ ಬಾಗಿಲು ತೆಗೆಯುತ್ತಾರೆ. ಬಾಗಿಲು ತೆಗೆದರೂ ಕರೆಂಟು ಹೋಗುತ್ತದೆ, ಅದರೊಂದಿಗೆ ಹಲವು ಬೋರ್ಡುಗಳಲ್ಲಿ ದೋಷದ ಸಂಕೇತವೂ ಅಳಿಸಿಹೋಗುತ್ತದೆ. ವಿಡಿಯೋ ಆದಮೇಲೆ ಬಾಗಿಲು ತೆಗೆದು, ಅದರ ಒಳಮೈಗೆ ಅಂಟಿಸಿರುವ ಪಟ್ಟಿಯ ಜೊತೆ ಎಷ್ಟು ಸಲ ಮಿನುಗಿತು ಎಂದು ಹೋಲಿಸಿ. ಪಟ್ಟಿಯ ಫೋಟೋವನ್ನೂ ತೆಗೆದಿಡಿ.

ಥರ್ಮೋಸ್ಟಾಟ್. ಹೀಟ್‌ನಲ್ಲಿದೆಯೇ? ಈಗಿನ ತಾಪಕ್ಕಿಂತ ಐದು ಡಿಗ್ರಿ ಹೆಚ್ಚಿಸಿ. ಪರದೆ ಮಂಕಾಗಿದ್ದರೆ ಬ್ಯಾಟರಿ ಬದಲಿಸಿ. ಫ್ಯಾನ್ 'ಆನ್'ನಲ್ಲಿದ್ದರೆ 'ಆಟೋ'ಗೆ ತನ್ನಿ. 'ಆನ್'ನಲ್ಲಿದ್ದಾಗ ಉರಿ ಇಲ್ಲದಿದ್ದರೂ ಗಾಳಿ ಬರುತ್ತಲೇ ಇರುತ್ತದೆ. ಆ ತಣ್ಣನೆ ಗಾಳಿಯನ್ನೇ ಫರ್ನೇಸ್ ಕೆಟ್ಟಿದೆ ಎಂದುಕೊಂಡು ಟೆಕ್ನಿಷಿಯನ್ ಕರೆಸಿದವರಿದ್ದಾರೆ.

ಕರೆಂಟು. ಫರ್ನೇಸಿನ ಪಕ್ಕದಲ್ಲೋ ಬೇಸ್‌ಮೆಂಟ್ ಮೆಟ್ಟಿಲ ತುದಿಯಲ್ಲೋ ಥೇಟ್ ಲೈಟ್ ಸ್ವಿಚ್ಚಿನಂತೆಯೇ ಕಾಣುವ ಒಂದು ಸ್ವಿಚ್ ಇರುತ್ತದೆ. ಮಕ್ಕಳೋ ಊರಿಂದ ಬಂದ ಅತ್ತೆ ಮಾವನೋ ಲೈಟಿನದೆಂದು ಆರಿಸಿರಬಹುದು. ಆಮೇಲೆ ಬ್ರೇಕರ್ ನೋಡಿ. ಒಮ್ಮೆ ಬಿದ್ದಿದ್ದರೆ ಎತ್ತಿ ಹಾಕಿ, ಮತ್ತೆ ಬಿದ್ದರೆ ಎತ್ತಬೇಡಿ.

ಬಾಗಿಲು. ಕೆಳಬಾಗಿಲ ಹಿಂದೆ ಒತ್ತುವ ಸ್ವಿಚ್ ಒಂದಿದೆ. ಬಾಗಿಲು ಸರಿಯಾಗಿ ಕೂರದಿದ್ದರೆ ಇಡೀ ಯಂತ್ರವೇ ಸತ್ತಂತೆ. ಫಿಲ್ಟರ್ ಬದಲಿಸಿದ ಮರುಕ್ಷಣ ಫರ್ನೇಸ್ ನಿಂತಿತು ಎನ್ನುವವರು ಬಾಗಿಲನ್ನು ಎತ್ತಿ, ಕೆಳಗಿನ ತೋಡಿಗೆ ಕೂರಿಸಿ, ಮತ್ತೆ ಒತ್ತಿ ನೋಡಿ. ಈ ಸ್ವಿಚ್ಚಿಗೆ ಟೇಪು ಸುತ್ತಿ ಬಾಗಿಲಿಲ್ಲದೆ ಓಡಿಸುವ ಸಾಹಸ ಬೇಡ. ಹಾಗೆ ಓಡಿಸಿದರೆ ಹೊಗೆಯನ್ನು ಮನೆಯೊಳಕ್ಕೇ ಎಳೆದುಕೊಳ್ಳಬಹುದು.

ಫಿಲ್ಟರ್. ಬೆಳಕಿಗೆ ಹಿಡಿದಾಗ ಆಚೆ ಬದಿ ಕಾಣದಿದ್ದರೆ ಬದಲಿಸಿ. ಬಾಣದ ಗುರುತು ಫರ್ನೇಸಿನ ಕಡೆಗಿರಲಿ. ಒಂದಿಂಚಿನದನ್ನು 1ರಿಂದ 3 ತಿಂಗಳಿಗೆ, ನಾಲ್ಕಿಂಚಿನದನ್ನು 6ರಿಂದ 12 ತಿಂಗಳಿಗೆ ಬದಲಿಸಬೇಕು. ದಿನಾ ಒಗ್ಗರಣೆ ಹಾಕುವ, ಬೆಳಿಗ್ಗೆ ಸಂಜೆ ಊದಿನಕಡ್ಡಿ ಹಚ್ಚುವ ಮನೆಗಳಲ್ಲಿ ಡಬ್ಬಿಯ ಮೇಲೆ ಬರೆದ ಮೂರು ತಿಂಗಳನ್ನು ನಂಬಬೇಡಿ, ತಿಂಗಳಿಗೊಮ್ಮೆ ತೆಗೆದು ನೋಡಿ. "ಚೆನ್ನಾಗಿ ಸೋಸಲಿ" ಎಂದು ಒಂದಿಂಚಿನ ಜಾಗಕ್ಕೆ ಮರ್ವ್ 13 (ಮರ್ವ್ ಎಂದರೆ ಫಿಲ್ಟರ್ ಎಷ್ಟು ನಯವಾಗಿ ಸೋಸುತ್ತದೆ ಎಂಬ ಅಳತೆ) ಹಾಕುವುದೂ ಹಲವು ಫರ್ನೇಸುಗಳಲ್ಲಿ ಉಸಿರು ಕಟ್ಟಿಸಿದಂತೆ. ಆ ಜಾಗಕ್ಕೆ ಮರ್ವ್ 8 ಸಾಕು. ಗಾಳಿ ಸಾಲದಿದ್ದರೆ ಒಳಗೆ ಕಾವು ಏರಿ ಲಿಮಿಟ್ ಸ್ವಿಚ್ ಉರಿಯನ್ನು ಕಡಿಯುತ್ತದೆ. ಬಳಸದ ರೂಮುಗಳ ವೆಂಟ್ ಮುಚ್ಚುವುದರಿಂದ, ಮನೆಯ ಗಾಳಿಯನ್ನು ಫರ್ನೇಸಿಗೆ ಹಿಂದಕ್ಕೆಳೆಯುವ ರಿಟರ್ನ್ ಜಾಲರಿಗೆ ಸೋಫಾ ಒತ್ತಿ ಇಡುವುದರಿಂದ ಆಗುವುದೂ ಇದೇ.

ಹೊರಗಿನ ಪೈಪು. ನಿಮ್ಮ ಫರ್ನೇಸಿನಿಂದ ಬಿಳಿ ಪಿವಿಸಿ ಪೈಪು ಗೋಡೆಯಾಚೆ ಹೋಗುತ್ತದೆಯೇ? ಹಾಗಾದರೆ ಅದು ಹೆಚ್ಚು ದಕ್ಷತೆಯ ಮಾದರಿ. ಹೊರಗೆ ಹೋಗಿ ಆ ಪೈಪುಗಳ ಬಾಯಿಗೆ ಹಿಮ, ಎಲೆ ತುಂಬಿದೆಯೇ ನೋಡಿ, ಕೈಯಿಂದ ತೆಗೆಯಿರಿ. ಈ ಮಾದರಿಯಲ್ಲಿ ನೀರೂ ಬಸಿಯುತ್ತದೆ. ಒಳಗೆ ಗುಳುಗುಳು ಸದ್ದಿದ್ದರೆ ಬಸಿಯುವ ಕೊಳವೆಯೋ ಟ್ರ್ಯಾಪೋ (ಅದರಲ್ಲಿ ನೀರು ನಿಲ್ಲುವ ಭಾಗ) ಕಟ್ಟಿದೆ. ಬಿಚ್ಚಿ ಬಿಸಿನೀರಲ್ಲಿ ತೊಳೆದು, ಟ್ರ್ಯಾಪಿಗೆ ನೀರು ತುಂಬಿ ಮತ್ತೆ ಹಾಕಿ.

ಬೋರ್ಡಿನ ಫ್ಯೂಸ್. ದೀಪವೇ ಇಲ್ಲವೆಂದಾದರೆ ಮುಖ್ಯ ಸ್ವಿಚ್ ಆರಿಸಿ, ಬೋರ್ಡಿನ ಮೇಲಿನ ಬ್ಲೇಡ್ ಫ್ಯೂಸ್ ಕಿತ್ತು ನೋಡಿ. ಒಳಗಿನ ತಂತಿ ಕಡಿದಿದ್ದರೆ ಅದೇ ಬಣ್ಣದ್ದನ್ನು ಹಾಕಿ, ದೊಡ್ಡದನ್ನು ಹಾಕಬೇಡಿ. ಸ್ಮಾರ್ಟ್ ಥರ್ಮೋಸ್ಟಾಟನ್ನು ತಾವೇ ಹಾಕಿಕೊಂಡ ಮನೆಗಳಲ್ಲಿ ಇದು ತೀರ ಮಾಮೂಲು. ಕರೆಂಟು ಆರಿಸದೆ ತಂತಿ ಬದಲಿಸುವಾಗ ಕರೆಂಟು ತರುವ 'ಆರ್' ತಂತಿ, ಅದು ಹಿಂತಿರುಗುವ 'ಸಿ'ಗೆ ತಾಗಿದರೆ ಫ್ಯೂಸ್ ಹೋಯಿತೆಂದೇ ಲೆಕ್ಕ. ಫ್ಯೂಸಿಗೆ ಒಂದೆರಡು ಡಾಲರ್, ಅದನ್ನು ಹಾಕಲು ಬಂದವನಿಗೆ ನೂರೈವತ್ತು. ಹೊಸ ಫ್ಯೂಸೂ ತಕ್ಷಣ ಹೋದರೆ ಎಲ್ಲೋ ತಂತಿ ಶಾರ್ಟ್ ಆಗಿದೆ. ಅಲ್ಲಿಗೆ ನಿಲ್ಲಿಸಿ.

## 4. ಎದುರು ಕೂತು ನೋಡಿ: ಎಲ್ಲಿ ನಿಲ್ಲುತ್ತದೆ?

ಮೇಲಿನ ಬಾಗಿಲು, ಅಂದರೆ ಬರ್ನರ್ ಕಾಣುವ ಕಡೆಯದು, ತೆಗೆಯಿರಿ. ಕೆಳಗಿನದು ಮುಚ್ಚಿಯೇ ಇರಲಿ. ಒಂದು ಮಾರು ದೂರ ಕೂತು, ಫೋನಿನಲ್ಲಿ ವಿಡಿಯೋ ಹಚ್ಚಿ, ಥರ್ಮೋಸ್ಟಾಟ್ ಏರಿಸಲು ಯಾರಿಗಾದರೂ ಹೇಳಿ. ಈಗಿನ ಬಹುತೇಕ ಫರ್ನೇಸುಗಳು ನಡೆಯುವುದು ಹೀಗೆ:

1. ಇನ್‌ಡ್ಯೂಸರ್ ಎಂಬ ಸಣ್ಣ ಫ್ಯಾನ್ ಗುಂಯ್ ಎಂದು ತಿರುಗಿ, ಹೊಗೆಯ ದಾರಿಯನ್ನು ಎಳೆದು ಚೊಕ್ಕ ಮಾಡುತ್ತದೆ.
2. ಆ ಎಳೆತ ಸಾಕಷ್ಟಿದೆ ಎಂದು ರಬ್ಬರ್ ಕೊಳವೆ ಸಿಕ್ಕಿಸಿರುವ ಪ್ರೆಶರ್ ಸ್ವಿಚ್ ಒಪ್ಪಿಗೆ ಕೊಡುತ್ತದೆ.
3. ಇಗ್ನೈಟರ್ ಕೆಂಡದ ಹಾಗೆ ಕೆಂಪಗಾಗುತ್ತದೆ, ಹೆಚ್ಚೆಂದರೆ ಅರ್ಧ ನಿಮಿಷ.
4. 'ಟಕ್' ಎಂದು ಗ್ಯಾಸ್ ವಾಲ್ವ್ ತೆರೆದು ಬರ್ನರುಗಳು ಸಾಲಾಗಿ ನೀಲಿ ಉರಿ ಹಿಡಿಯುತ್ತವೆ.
5. ಕೊನೆಯ ಬರ್ನರಿನ ಎದುರಿರುವ ಫ್ಲೇಮ್ ಸೆನ್ಸರ್ ಉರಿಯನ್ನು ಕೆಲವೇ ಸೆಕೆಂಡುಗಳಲ್ಲಿ ಗುರುತಿಸಬೇಕು, ಇಲ್ಲದಿದ್ದರೆ ಗ್ಯಾಸ್ ನಿಲ್ಲುತ್ತದೆ.
6. ಅರ್ಧದಿಂದ ಒಂದು ನಿಮಿಷದೊಳಗೆ ದೊಡ್ಡ ಬ್ಲೋವರ್ ತಿರುಗಿ ಬಿಸಿಗಾಳಿ ಹೊರಡುತ್ತದೆ.

ಹಿಂದಿನ ಹೆಜ್ಜೆ ಆಗದೆ ಮುಂದಿನದು ಆಗುವುದಿಲ್ಲ. ಆದ್ದರಿಂದಲೇ ನಿಂತ ಜಾಗ ಇಷ್ಟು ಮುಖ್ಯ. ನಾಲ್ಕಾರು ಸಲ ಸೋತರೆ ಬೋರ್ಡು ತಾನೇ ಯತ್ನ ನಿಲ್ಲಿಸಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಆಗ ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಮತ್ತೆ ಯತ್ನಿಸುತ್ತದೆ. ನೋಡುವುದಕ್ಕೆಂದು ಒಂದೆರಡು ಸಲ ಹೀಗೆ ಮಾಡಬಹುದು, ರಾತ್ರಿಯಿಡೀ ಇದನ್ನೇ ಮಾಡುತ್ತ ಕೂರಬಾರದು.

ಉರಿ ಹಳದಿಯಾಗಿದ್ದರೆ, ಉರಿ ಹಿಡಿಯುವಾಗ 'ಧಡ್' ಎಂದು ಸಿಡಿದರೆ, ಅಥವಾ ಬ್ಲೋವರ್ ತಿರುಗಿದ ಕ್ಷಣವೇ ಉರಿ ಅಲ್ಲಾಡಿ ಹೊರಕ್ಕೆ ಚಾಚಿದರೆ ಫರ್ನೇಸ್ ಆರಿಸಿ, ಟೆಕ್ನಿಷಿಯನ್ ಬರುವವರೆಗೆ ಹಾಕಬೇಡಿ.

## 5. ನಿಂತ ಜಾಗ ಹೇಳುವ ಖರ್ಚು

ಇನ್‌ಡ್ಯೂಸರ್ ತಿರುಗಲೇ ಇಲ್ಲ: ಕರೆಂಟು, ಥರ್ಮೋಸ್ಟಾಟ್ ಸರಿಯಿದ್ದರೆ ಮೋಟಾರೋ ಬೋರ್ಡೋ ಹೋಗಿದೆ. ಮೋಟಾರಿಗೆ 400ರಿಂದ 1,200, ಬೋರ್ಡಿಗೆ 400ರಿಂದ 900 ಡಾಲರ್.

ತಿರುಗಿತು, ಇಗ್ನೈಟರ್ ಕೆಂಪಾಗಲಿಲ್ಲ: ಇಲ್ಲಿ ಎಚ್ಚರ ಬೇಕು. ದೀಪದ ಸಂಕೇತ 'ಪ್ರೆಶರ್ ಸ್ವಿಚ್' ಎಂದರೆ ಸ್ವಿಚ್ ಕೆಟ್ಟಿದೆ ಎಂದರ್ಥವಲ್ಲ, ಅದು ಒಪ್ಪಿಗೆ ಕೊಡಲಿಲ್ಲ ಎಂದಷ್ಟೇ. ಪೈಪಿಗೆ ಹಿಮ, ಕಟ್ಟಿದ ಟ್ರ್ಯಾಪು, ಬಿರುಕು ಬಿಟ್ಟ ರಬ್ಬರ್ ಕೊಳವೆ, ಇವೇ ಹೆಚ್ಚು. ಇವನ್ನು ನೋಡದೆ ಸ್ವಿಚ್ ಬದಲಿಸಿ 150ರಿಂದ 350 ಡಾಲರ್ ತೆಗೆದುಕೊಂಡು ಹೋದರೆ ವಾರದಲ್ಲಿ ಅದೇ ಕಥೆ. ಸಂಕೇತ ಇಗ್ನೈಟರಿನದಾದರೆ 150ರಿಂದ 400. ಇಗ್ನೈಟರ್ ಸವೆಯುವ ವಸ್ತು, ಹೋದರೆ ಫರ್ನೇಸ್ ಹಳತಾಯಿತೆಂದು ಅರ್ಥವಲ್ಲ.

ಕೆಂಪಾಯಿತು, ಉರಿ ಹಿಡಿಯಲಿಲ್ಲ: ಒಲೆ ಉರಿಯುತ್ತಿದೆಯೇ ನೋಡಿ. ಅದೂ ಇಲ್ಲವೆಂದರೆ ಗ್ಯಾಸ್ ಪೂರೈಕೆಯೇ ನಿಂತಿದೆ. ಒಲೆ ಉರಿದರೆ ಗ್ಯಾಸ್ ವಾಲ್ವಿನ ಮೇಲೆ ಅನುಮಾನ, 400ರಿಂದ 1,000.

ಉರಿ ಹಿಡಿದು ಕೆಲವೇ ಸೆಕೆಂಡಿಗೆ ಆರಿತು: ಹೆಚ್ಚಿನ ಸಲ ಕಾರಣ ಫ್ಲೇಮ್ ಸೆನ್ಸರ್. ಒರೆಸಲು ಟೆಕ್ನಿಷಿಯನ್ ಬಂದರೆ 100ರಿಂದ 250, ಬಿಡಿಭಾಗದ ಬೆಲೆ 10ರಿಂದ 30.

ಉರಿಯಿತು, ಗಾಳಿ ಬರಲಿಲ್ಲ: ಬ್ಲೋವರ್ ಗುಂಯ್‌ಗುಟ್ಟಿ ತಿರುಗದಿದ್ದರೆ ಹಳೆಯ ಮಾದರಿಗಳಲ್ಲಿ ಮೋಟಾರು ಶುರುವಾಗಲು ಬಲ ಕೊಡುವ ಕೆಪ್ಯಾಸಿಟರ್ ಹೋಗಿರಬಹುದು, 120ರಿಂದ 300. ಮೋಟಾರೇ ಹೋದರೆ ಹಳೆಯ ಬಗೆಯದಕ್ಕೆ 450ರಿಂದ 900, ವೇಗ ತಾನೇ ಹೊಂದಿಸಿಕೊಳ್ಳುವ ಇಸಿಎಂ ಬಗೆಯದಕ್ಕೆ 800ರಿಂದ 2,000. ಇಸಿಎಂ ಎಂದಾಗ ಮೋಟಾರು ಹೋಗಿದೆಯೋ, ಅದರ ಬೆನ್ನಿಗಿರುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಮಾತ್ರವೋ ಎಂದು ಕೇಳಿ. ಕೆಲವು ಮಾದರಿಗಳಿಗೆ ಮಾಡ್ಯೂಲ್ ಬಿಡಿಯಾಗಿ ಸಿಗುತ್ತದೆ.

## 6. ಫ್ಲೇಮ್ ಸೆನ್ಸರ್ ಒರೆಸುವ ಬಗೆ

ಮನೆಯವರೇ ಮಾಡಬಹುದಾದ ಒಂದೇ ನಿಜವಾದ ರಿಪೇರಿ ಇದು. ಮುಖ್ಯ ಸ್ವಿಚ್ ಆರಿಸಿ. ಬರ್ನರುಗಳ ಸಾಲಿನಲ್ಲಿ ಒಂದು ತುದಿಗೆ ಇಗ್ನೈಟರ್, ಸಾಮಾನ್ಯವಾಗಿ ಇನ್ನೊಂದು ತುದಿಗೆ ಸೆನ್ಸರ್. ಬಿಳಿ ಪಿಂಗಾಣಿ ಬುಡ, ಅದರಿಂದ ಹೊರಟ ಪೆನ್ಸಿಲ್ಲಿಗಿಂತ ಸಣ್ಣ ಲೋಹದ ಕಡ್ಡಿ, ಹಿಂದೆ ಒಂದೇ ತಂತಿ. ಎರಡು ತಂತಿ ಇದ್ದರೆ ಅದು ಇಗ್ನೈಟರ್, ಮುಟ್ಟಬೇಡಿ. ಅದು ಸೀಮೆಸುಣ್ಣದಂತೆ ಮುರಿಯುತ್ತದೆ, ಬೆರಳಿನ ಜಿಡ್ಡು ತಾಗಿದರೂ ಬೇಗ ಹಾಳಾಗುತ್ತದೆ.

ಕಾಲಿಂಚಿನ ಒಂದು ಸ್ಕ್ರೂ ಬಿಚ್ಚಿ ಸೆನ್ಸರನ್ನು ನೇರವಾಗಿ ಹೊರಕ್ಕೆಳೆಯಿರಿ. ಕಡ್ಡಿಯ ಮೇಲೆ ಮಾಸಲು ಬಿಳಿ ಅಥವಾ ಕಂದು ಪದರ ಕೂತಿರುತ್ತದೆ, ಕೆಲವೊಮ್ಮೆ ಕಣ್ಣಿಗೆ ಕಾಣುವುದೂ ಇಲ್ಲ. ಉರಿಯ ಮೂಲಕ ಹರಿಯುವ ಕರೆಂಟು ಕೆಲವೇ ಮೈಕ್ರೋ ಆಂಪಿಯರಿನಷ್ಟು, ಆ ತೆಳು ಪದರವೇ ಅದನ್ನು ತಡೆಯುತ್ತದೆ. ಸ್ಟೀಲ್ ವುಲ್ಲಿನಿಂದ ಲೋಹ ಹೊಳೆಯುವವರೆಗೆ ಮೆಲ್ಲಗೆ ಉಜ್ಜಿ, ಒಣ ಕಾಗದದಿಂದ ಒರೆಸಿ. ಮರಳು ಕಾಗದ ಬೇಡ, ಕಡ್ಡಿಯಲ್ಲಿ ಗೀರು ಬಿದ್ದು ಪದರ ಇನ್ನೂ ಬೇಗ ಕೂರುತ್ತದೆ. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಒರೆಸಿ ಉಪಯೋಗವಿಲ್ಲ, ಹೊಸದು ಬೇಕು. ಮತ್ತೆ ಕೂರಿಸಿ, ತಂತಿ ಬಿಗಿಯಾಗಿ ಸಿಕ್ಕಿಸಿ, ನಾಲ್ಕನೆಯ ಭಾಗದಲ್ಲಿ ಹೇಳಿದಂತೆ ಇಡೀ ಓಟ ನೋಡಿ. ತಿಂಗಳೊಳಗೆ ಮತ್ತೆ ಅದೇ ತೊಂದರೆ ಬಂದರೆ ಗ್ರೌಂಡ್ ತಂತಿಯೋ ಬರ್ನರೋ ಕಾರಣವಿರಬಹುದು, ಟೆಕ್ನಿಷಿಯನ್ ನೋಡಲಿ.

## 7. ಟೆಕ್ನಿಷಿಯನ್ ಕರೆಯುವಾಗ

"ಹೀಟ್ ಬರುತ್ತಿಲ್ಲ" ಎಂದಷ್ಟೇ ಹೇಳಬೇಡಿ. "ಇಗ್ನೈಟರ್ ಕೆಂಪಾಗುವುದಿಲ್ಲ, ದೀಪ ಮೂರು ಸಲ ಮಿನುಗುತ್ತದೆ, ಹೊರಗಿನ ಪೈಪು ಖಾಲಿಯಿದೆ" ಎನ್ನಿ, ಮಾಡೆಲ್ ಸಂಖ್ಯೆ ಕೊಡಿ. ಸರಿಯಾದ ಬಿಡಿಭಾಗವನ್ನು ವ್ಯಾನಿನಲ್ಲೇ ತರುವ ಸಾಧ್ಯತೆ ಹೆಚ್ಚುತ್ತದೆ, ಎರಡನೇ ಭೇಟಿಯ ಶುಲ್ಕ ಉಳಿಯುತ್ತದೆ.

ಫೋನಿನಲ್ಲೇ ಕೇಳಬೇಕಾದ್ದು: ಬಂದು ನೋಡುವ ಶುಲ್ಕ ಎಷ್ಟು (ಸಾಮಾನ್ಯವಾಗಿ 80ರಿಂದ 200), ರಿಪೇರಿ ಮಾಡಿಸಿದರೆ ಅದು ಬಿಲ್ಲಿನಲ್ಲಿ ಕಳೆಯುತ್ತದೆಯೇ, ರಾತ್ರಿ ಮತ್ತು ಭಾನುವಾರಕ್ಕೆ ಎಷ್ಟು ಹೆಚ್ಚು, ಕೂಲಿಗೆ ಎಷ್ಟು ದಿನ ಗ್ಯಾರಂಟಿ.

ಇಪ್ಪತ್ತು ಡಾಲರಿನ ಬಿಡಿಭಾಗಕ್ಕೆ 250 ಬಿಲ್ ಕಂಡೊಡನೆ ಮೋಸವೆಂದುಕೊಳ್ಳಬೇಡಿ. ವ್ಯಾನು, ಇನ್ಶೂರೆನ್ಸು, ಲೈಸೆನ್ಸು, ಪ್ರಯಾಣ ಎಲ್ಲ ಅದರಲ್ಲಿದೆ. ಬಿಡಿಭಾಗವನ್ನು ನೀವೇ ಆನ್‌ಲೈನಿನಲ್ಲಿ ತರಿಸಿಟ್ಟರೆ ಹಲವರು ಹಾಕಲು ಒಪ್ಪುವುದಿಲ್ಲ, ಒಪ್ಪಿದರೂ ಗ್ಯಾರಂಟಿ ಕೊಡುವುದಿಲ್ಲ. ನೀವು ಪಟ್ಟು ಹಿಡಿಯಬೇಕಾದ್ದು ಬೆಲೆಗಲ್ಲ, ಪುರಾವೆಗೆ. "ಇದೇ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು?" ಎಂದು ಕೇಳಿ. ಒಳ್ಳೆಯ ಕೆಲಸಗಾರ ಮೀಟರಿನ ಅಂಕಿ ತೋರಿಸಿ ವಿವರಿಸುತ್ತಾನೆ. ಮೀಟರ್ ತೆಗೆಯದೆಯೇ ಮೂರು ಬಿಡಿಭಾಗಗಳ ಹೆಸರು ಹೇಳುವವನಿಗೆ ಶುಲ್ಕ ಕೊಟ್ಟು ಕಳಿಸಿ.

ವಾರಂಟಿ ಮರೆಯಬೇಡಿ. ಬಹಳಷ್ಟು ತಯಾರಕರು ಬಿಡಿಭಾಗಕ್ಕೆ 10 ವರ್ಷ ಕೊಡುತ್ತಾರೆ, ಆದರೆ ಹಾಕಿಸಿದ 60 ಅಥವಾ 90 ದಿನಗಳಲ್ಲಿ ನೋಂದಾಯಿಸಿದ್ದರೆ ಮಾತ್ರ. ಇಲ್ಲದಿದ್ದರೆ ಅದು 5 ವರ್ಷಕ್ಕಿಳಿಯುತ್ತದೆ. ಹಳೆಯ ಮಾಲೀಕರಿಂದ ಕೊಂಡ ಮನೆಯಲ್ಲಿ ಇನ್ನೂ ಕಡಿಮೆಯಿರಬಹುದು. ಸೀರಿಯಲ್ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡಿ. ವಾರಂಟಿ ಇದ್ದರೂ ಕೂಲಿ ನಿಮ್ಮದೇ.

## 8. "ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ" ಎಂದರೆ

ಈ ಮಾತು ನಿಜವಾದರೆ ಗಂಭೀರ, ಏಕೆಂದರೆ ಹೊಗೆಯನ್ನೂ ಮನೆಯ ಗಾಳಿಯನ್ನೂ ಬೇರೆ ಮಾಡುವ ಗೋಡೆ ಅದು. ಹೆದರಿಸಿ ಮಾರುವವರು ಹೆಚ್ಚಾಗಿ ಬಳಸುವ ಮಾತೂ ಇದೇ. ಫರ್ನೇಸ್ ಆರಿಸಿಡಿ, ಆದರೆ ಸಹಿ ಹಾಕಬೇಡಿ. ಬಿರುಕಿನ ಫೋಟೋ ಅಥವಾ ಕ್ಯಾಮೆರಾ ವಿಡಿಯೋ ಕೇಳಿ, ಅದು ನಿಮ್ಮದೇ ಫರ್ನೇಸಿನದು ಎಂದು ಖಾತ್ರಿ ಮಾಡಿಕೊಳ್ಳಿ, ಕಾರ್ಬನ್ ಮೊನಾಕ್ಸೈಡ್ ಅಳತೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಹೊಸ ಫರ್ನೇಸ್ ಮಾರದ ಇನ್ನೊಬ್ಬರಿಂದ ಎರಡನೇ ಅಭಿಪ್ರಾಯ ಪಡೆಯಿರಿ.

ಬದಲಿಸಲು 1,500ರಿಂದ 3,500 ಡಾಲರ್. ಈ ಭಾಗಕ್ಕೆ 20 ವರ್ಷ ಅಥವಾ ಜೀವಮಾನದ ವಾರಂಟಿ ಇರುವ ಮಾದರಿಗಳು ಬಹಳ. ಆಗಲೂ ಕೂಲಿಯೇ ಸಾವಿರ ದಾಟಬಹುದು.

ಕೆನಡಾದ ಒಂಟಾರಿಯೋದಲ್ಲಿ ಟೆಕ್ನಿಷಿಯನ್ ಕೆಂಪು ಚೀಟಿ ಅಂಟಿಸಿದರೆ ಅದರ ಬಗೆ ಓದಿ. 'ಎ' ಎಂದರೆ ತಕ್ಷಣ ಗ್ಯಾಸ್ ಕಡಿಯುವ ಅಪಾಯ. 'ಬಿ' ಎಂದರೆ ಸರಿಪಡಿಸಲು ಗಡುವು ಇದೆ, ಅಂದರೆ ಎರಡನೇ ಅಭಿಪ್ರಾಯಕ್ಕೆ ಸಮಯವಿದೆ. ಬಾಗಿಲು ತಟ್ಟಿ ಬಂದು ಫರ್ನೇಸ್ ಮಾರುವುದನ್ನು, ಬಾಡಿಗೆಗೆ ಕೊಡುವುದನ್ನು ಒಂಟಾರಿಯೋ 2018ರ ಮಾರ್ಚ್ 1ರಿಂದಲೇ ನಿಷೇಧಿಸಿದೆ. ಅಂಥವರನ್ನು ಒಳಗೆ ಬಿಡಲೇಬೇಡಿ.

## 9. ರಿಪೇರಿಯೋ, ಹೊಸದೋ?

ಫರ್ನೇಸಿನ ವಯಸ್ಸನ್ನು ರಿಪೇರಿ ಖರ್ಚಿನಿಂದ ಗುಣಿಸಿ, 5,000 ದಾಟಿದರೆ ಹೊಸದು ಎಂಬ ಲೆಕ್ಕ ಈ ಕಸುಬಿನಲ್ಲಿ ಚಾಲ್ತಿಯಲ್ಲಿದೆ. 8 ವರ್ಷದ್ದಕ್ಕೆ 400 ಎಂದರೆ 3,200, ರಿಪೇರಿ ಮಾಡಿಸಿ. 17 ವರ್ಷದ್ದಕ್ಕೆ 900ರ ಮೋಟಾರು ಎಂದರೆ 15,300, ಹೊಸದರ ಕಡೆ ನೋಡಿ. ಆದರೆ 18 ವರ್ಷದ ಫರ್ನೇಸಿಗೆ 300ರ ಇಗ್ನೈಟರ್ ಎಂದರೂ 5,400 ಆಗುತ್ತದೆ. ಅಲ್ಲಿ ಲೆಕ್ಕ ಬಿಟ್ಟು ಇಗ್ನೈಟರ್ ಹಾಕಿಸಿ, ಚಳಿ ಕಳೆಯಲಿ, ಏಪ್ರಿಲ್‌ನಲ್ಲಿ ನಿಧಾನವಾಗಿ ಮೂರು ಕೊಟೇಶನ್ ತೆಗೆದುಕೊಳ್ಳಿ. ಜನವರಿಯ ನಡುರಾತ್ರಿಯಲ್ಲಿ ಕೊಳ್ಳುವ ಫರ್ನೇಸಿಗೆ ಚೌಕಾಸಿಯ ಬಲವೇ ಇರುವುದಿಲ್ಲ.

ಹೊಸದಕ್ಕೆ ಹಾಕಿಸುವ ಖರ್ಚು ಸೇರಿ ಸಾಮಾನ್ಯವಾಗಿ 4,500ರಿಂದ 10,000 ಡಾಲರ್. ಶೇ 80 ದಕ್ಷತೆಯದರಿಂದ ಶೇ 95ಕ್ಕೆ ಹೋಗುವವರು ಹೊಸ ಪಿವಿಸಿ ಪೈಪು, ನೀರು ಬಸಿಯುವ ವ್ಯವಸ್ಥೆ, ಪರ್ಮಿಟ್ ಎಲ್ಲ ಕೊಟೇಶನ್ನಿನಲ್ಲಿ ಸೇರಿದೆಯೇ ನೋಡಬೇಕು. ಬಹಳ ಜನ ಮರೆಯುವ ಒಂದು ಸಂಗತಿ: ಹಳೆಯ ಚಿಮಣಿಯನ್ನು ವಾಟರ್ ಹೀಟರ್ ಕೂಡ ಹಂಚಿಕೊಂಡಿದ್ದರೆ, ಫರ್ನೇಸ್ ಪಿವಿಸಿ ಪೈಪಿಗೆ ಹೋದಮೇಲೆ ಅದೊಂದಕ್ಕೇ ಚಿಮಣಿ ತೀರ ದೊಡ್ಡದಾಗಿ ಹೊಗೆ ಸರಿಯಾಗಿ ಏರದೆ ಹೋಗಬಹುದು. ಚಿಮಣಿಯೊಳಗೆ ಲೈನರ್, ಅಂದರೆ ಸಣ್ಣ ಒಳಕೊಳವೆ, ಬೇಕಾಗಬಹುದು. ಇದನ್ನು ಕೇಳದೆ ಸಹಿ ಬೇಡ.

ಅಮೆರಿಕದಲ್ಲಿ ದಕ್ಷ ಫರ್ನೇಸಿಗೆ 600 ಡಾಲರಿನವರೆಗೆ ಸಿಗುತ್ತಿದ್ದ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಇನ್ನೂ ಅದನ್ನು ಬೆಲೆಯಲ್ಲಿ ಕಳೆದು ತೋರಿಸುವ ಕೊಟೇಶನ್ ಒಪ್ಪಬೇಡಿ. ಗ್ಯಾಸ್ ಕಂಪನಿಯ ರಿಬೇಟ್ ಇದೆಯೇ ಎಂದು ಕಂಪನಿಯನ್ನೇ ಕೇಳಿ.

## 10. ಕಾಯುವ ರಾತ್ರಿ, ಊರಿಗೆ ಹೊರಡುವ ದಿನ

ಟೆಕ್ನಿಷಿಯನ್ ನಾಳೆ ಬರುತ್ತಾನೆಂದರೆ ಎಲ್ಲರೂ ಒಂದೇ ಕೋಣೆಗೆ ಸೇರಿಕೊಳ್ಳಿ. ಎಲೆಕ್ಟ್ರಿಕ್ ಹೀಟರನ್ನು ನೇರ ಗೋಡೆಯ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಹಾಸಿಗೆ, ಪರದೆಗಳಿಂದ ಮೂರಡಿ ದೂರವಿರಲಿ. ಗ್ಯಾಸ್ ಓವನ್ ಬಾಗಿಲು ತೆರೆದು ಮನೆ ಬಿಸಿ ಮಾಡುವುದು, ಇದ್ದಿಲ ಒಲೆಯನ್ನು ಒಳಗೆ ತರುವುದು ಜೀವಕ್ಕೆ ಅಪಾಯ. ಹೊರಗೆ 20 ಫ್ಯಾರನ್‌ಹೀಟಿಗಿಂತ ಕೆಳಗಿಳಿದರೆ ಸಿಂಕಿನ ಕೆಳಗಿನ ಕಪಾಟುಗಳನ್ನು ತೆರೆದಿಟ್ಟು, ನಲ್ಲಿಗಳನ್ನು ಸಣ್ಣಗೆ ಹರಿಯಬಿಡಿ. ಪೈಪು ಒಡೆದರೆ ಆಗುವ ಖರ್ಚಿನ ಮುಂದೆ ಫರ್ನೇಸಿನದು ಚಿಲ್ಲರೆ.

ಡಿಸೆಂಬರಿನಲ್ಲಿ ತಿಂಗಳಿಗೆಂದು ಊರಿಗೆ ಹೊರಡುವವರು ಎರಡು ವಾರ ಮುಂಚೆಯೇ ಫಿಲ್ಟರ್ ಬದಲಿಸಿ, ಒಮ್ಮೆ ಎದುರು ಕೂತು ಇಡೀ ಓಟ ನೋಡಿ. ಥರ್ಮೋಸ್ಟಾಟ್ ಆರಿಸಬೇಡಿ, 55ರಿಂದ 60 ಫ್ಯಾರನ್‌ಹೀಟಿನಲ್ಲಿಡಿ. ಅದರ ಬ್ಯಾಟರಿ ಹೊಸದಿರಲಿ. ಮುಖ್ಯ ನೀರಿನ ವಾಲ್ವ್ ಮುಚ್ಚಿ, ಒಂದು ನಲ್ಲಿ ತೆರೆದು ಒತ್ತಡ ಇಳಿಸಿ. ಪಕ್ಕದ ಮನೆಯವರಿಗೋ ಗೆಳೆಯರಿಗೋ ಬೀಗದ ಕೈ ಕೊಟ್ಟು, ಹಿಮ ಬಿದ್ದ ಮರುದಿನ ಆ ಎರಡು ಬಿಳಿ ಪೈಪುಗಳ ಬಾಯಿ ನೋಡಲು ಹೇಳಿ, ಪೈಪು ಎಲ್ಲಿದೆ ಎಂಬ ಫೋಟೋವನ್ನು ಹೊರಡುವ ಮೊದಲೇ ಕಳಿಸಿ.